ಕಾವಲಿನ ಸರದಿ

ಒಂಟಿ ಸಲಗವೊಂದು ಲಂಟಾನದ ಪೊದೆ ಸೀಳಿಕೊಂಡು ರಸ್ತೆಗೆ ಕಾಲಿಟ್ಟದ್ದೇ ತಡ, ಶಾಲೆಗೆ ಹೊರಟ ಮಕ್ಕಳ ಕಾವಲಿಗೆಂದು ಬಂದಿದ್ದ ಚಂದ್ರಕುಮಾರ ಲೂನಾ ತಿರುಗಿಸಿದ. ಹಿಂದೆ ಕೂತಿದ್ದ ತನ್ನ ಮಗನಿಗೆ "ಗಟ್ಟಿಯಾಗಿ ಇಡ್ಕೊಳ್ಲಾ" ಎಂದಷ್ಟೇ ಹೇಳಿ, ಊರಿನ ಕಡೆಗೆ ಹಾರಿಹೋದ. ಉಳಿದ ಮಕ್ಕಳು ಚೀಲ ತಬ್ಬಿಕೊಂಡು ನಡುರಸ್ತೆಯಲ್ಲಿ ನಿಂತುಬಿಟ್ಟವು.

ಪಕ್ಕದ ಹಳ್ಳದಲ್ಲಿ ಹುಲ್ಲು ಕೊಯ್ಯುತ್ತಿದ್ದ ಮಲ್ಲಾಜಮ್ಮ ಮೊದಲು ಕಂಡದ್ದು ಲೂನಾದ ಹೊಗೆಯನ್ನು, ಆನೆಯನ್ನು ಆಮೇಲೆ. ಆ ಮಕ್ಕಳ ನಡುವೆ ಅವಳ ಮಗಳು ಭಾನುವೂ ಇದ್ದಳು. ಮಲ್ಲಾಜಮ್ಮ ಕುಡುಗೋಲು ಬಿಸಾಡಿ ಓಡಿದಳು. ರಸ್ತೆಯ ಕೆಳಗೊಂದು ಒಣಗಿದ ಮೋರಿ ಇತ್ತು. "ಮೋರಿಯೊಳಿಕ್ಕೆ ನುಗ್ರಿ! ಯಾರಾದ್ರೂ ಸೊಲ್ಲೆತ್ತುದ್ರೆ ಹಲ್ಲುದುರುಸ್ಬುಡ್ತೀನಿ" ಎಂದು ಪಿಸುದನಿಯಲ್ಲೇ ಗದರಿಸುತ್ತ ಒಂದೊಂದನ್ನೇ ಒಳಗೆ ತಳ್ಳಿದಳು. ಪೋಷಕರ ಸಂಘದ ಅಧ್ಯಕ್ಷ ಮರಿಮಲ್ಲಪ್ಪನ ಮಗಳು ಶಿವರಂಜಿನಿ ಮಾತ್ರ ಕಾಲು ಕಿತ್ತಿಡಲಾರದೆ ನಿಂತಿದ್ದಳು. ಅವಳನ್ನು ಸೊಂಟ ಹಿಡಿದು ಎತ್ತಿಕೊಂಡು, ತಾನೂ ಮೋರಿಯ ಬಾಯಿಗೆ ಅಡ್ಡ ಕೂತಳು.

ತಲೆಯ ಮೇಲೆ ಆನೆ ನಡೆಯಿತು. ಮೋರಿಯ ಸಂದಿನಿಂದ ಮಣ್ಣು ಉದುರಿತು. ಶಿವರಂಜಿನಿ ಇನ್ನೇನು ಚೀರಿಬಿಡುತ್ತಾಳೆ ಎನ್ನುವಾಗ ಮಲ್ಲಾಜಮ್ಮ ಅವಳ ಬಾಯಿಗೆ ಕೈ ಅಡ್ಡ ಇಟ್ಟಳು. ಹೆದರಿದ ಹುಡುಗಿ ಹೆಬ್ಬೆರಳನ್ನೇ ಕಚ್ಚಿಬಿಟ್ಟಳು. ಮಲ್ಲಾಜಮ್ಮ ಕೈ ತೆಗೆಯಲಿಲ್ಲ. ಆನೆ ಯಾರದೋ ಬಿದ್ದ ಬುತ್ತಿಯ ಡಬ್ಬಿಯನ್ನು ತುಳಿದು ಅಪ್ಪಚ್ಚಿ ಮಾಡಿ, ಸಾವಕಾಶವಾಗಿ ಆಚೆಯ ಕಾಡಿಗೆ ಇಳಿದುಹೋಯಿತು. ಊರಿನ ಗಂಡಸರು ತಮಟೆ, ಪಟಾಕಿ ಹಿಡಿದು ಬರುವಷ್ಟರಲ್ಲಿ ಮಕ್ಕಳು ಮೈಯ ಮಣ್ಣು ಕೊಡವಿಕೊಳ್ಳುತ್ತಿದ್ದವು. ಚಂದ್ರಕುಮಾರ ಆ ಗುಂಪಿನಲ್ಲಿ ಎಲ್ಲರಿಗಿಂತ ಹಿಂದೆ ಇದ್ದ.

ಗುಂಡ್ಲುಪೇಟೆ ಸೀಮೆಯ ಮದ್ದೂರಿನ ಕಡೆಯ ಆ ಕಾಡಂಚಿನ ಊರಿನಿಂದ ಶಾಲೆಗೆ ಒಂದು ಮೈಲಿ. ಆನೆಯ ಕಾಟ ಹೆಚ್ಚಾದಾಗ, ದಿನಕ್ಕೊಬ್ಬ ತಂದೆ ಮಕ್ಕಳ ಜೊತೆ ಹೋಗತಕ್ಕದ್ದೆಂದು ಪೋಷಕರ ಸಂಘ ಗೊತ್ತುಮಾಡಿತ್ತು. ಗಂಡ ಪುಟ್ಟಮಾದು ವಯನಾಡಿಗೆ ಶುಂಠಿ ಕೂಲಿಗೆ ಹೋಗಿದ್ದರಿಂದ ಮಲ್ಲಾಜಮ್ಮ, "ನಮ್ಮನೆ ಸರದಿಗೆ ನಾನೇ ಓಯ್ತೀನಿ ಬುದ್ದಿ" ಎಂದು ಕೇಳಿದ್ದಳು. ಮರಿಮಲ್ಲಪ್ಪ ನಕ್ಕಿದ್ದ. "ಹೆಂಗಸ್ರು ಆನೆ ಕಂಡ್ರೆ ಕಿರ್ಚ್ಕಂಡು ಓಡೋಯ್ತೀರಿ ಕಣಮ್ಮಿ. ಇದು ಗಂಡಸ್ರ ಕೆಲ್ಸ." ಅಂದವನು ತನ್ನ ಸರದಿಯ ದಿನಗಳಲ್ಲಿ ಮಾತ್ರ ತಪ್ಪದೆ ಗುಂಡ್ಲುಪೇಟೆಯ ಯಾವುದೋ ಕೆಲಸಕ್ಕೆ ಬಸ್ಸು ಹತ್ತುತ್ತಿದ್ದ.

ಭಾನುವಾರ ಶಾಲೆಯ ಜಗಲಿಯಲ್ಲಿ ಸಂಘ ಸಭೆ ಸೇರಿತು. ಗಂಡಸರಿಗೆ ಕುರ್ಚಿ, ಹೆಂಗಸರಿಗೆ ಅಂಗಳ. ಊದಿಕೊಂಡ ಹೆಬ್ಬೆರಳಿಗೆ ಅರಿಸಿನದ ಬಟ್ಟೆ ಸುತ್ತಿಕೊಂಡು ಮಲ್ಲಾಜಮ್ಮ ಅಂಗಳದಲ್ಲಿ ಕೂತಿದ್ದಳು. ಮರಿಮಲ್ಲಪ್ಪ ಶಲ್ಯ ಸರಿಮಾಡಿಕೊಂಡು ಎದ್ದು ನಿಂತ.

"ಮಿತ್ರರಾದ ಚಂದ್ರಕುಮಾರ್ ಅವರು ಸಮಯಪ್ರಜ್ಞೆಯಿಂದ ಊರಿಗೆ ಸುದ್ದಿ ಮುಟ್ಟಿಸದೇ ಹೋಗಿದ್ದರೆ ಎಂಥ ಅನಾಹುತ ಆಗುತ್ತಿತ್ತು, ನೀವೇ ಊಹಿಸಿ. ಇಂಥ ಪೋಷಕರೇ ಶಾಲೆಯ ಆಸ್ತಿ. ಅವರಿಗೆ ಸಂಘದಿಂದ ಸನ್ಮಾನ."

ಚಪ್ಪಾಳೆ ಬಿತ್ತು. ಸಮಯಪ್ರಜ್ಞೆ! ಮಲ್ಲಾಜಮ್ಮನಿಗೆ ಆ ಪದದ ಅರ್ಥ ಸರಿಯಾಗಿ ಗೊತ್ತಿರಲಿಲ್ಲ. ಲೂನಾ ತಿರುಗಿಸುವುದಕ್ಕೆ ಓದಿದವರು ಹೀಗೆನ್ನುತ್ತಾರೇನೋ ಅಂದುಕೊಂಡಳು. ಅಷ್ಟರಲ್ಲಿ ಅಧ್ಯಕ್ಷನ ಕಣ್ಣು ಅವಳ ಮೇಲೆ ಬಿತ್ತು.

"ತಾಯಂದಿರ ಪರವಾಗಿ ಮಲ್ಲಾಜಿ ಹಾರ ಹಾಕ್ತಾಳೆ. ಎದ್ ಬಾಮ್ಮಿ. ನೀನೂ ಅಲ್ಲೇ ಎಲ್ಲೋ ಇದ್ಯಂತಲ್ಲ."

ಅವಳು ಎದ್ದುಹೋಗಿ ತಟ್ಟೆಯಿಂದ ಚೆಂಡುಹೂವಿನ ಹಾರ ಎತ್ತಿಕೊಂಡಳು. ಚಂದ್ರಕುಮಾರ ಕಣ್ಣು ಮುಚ್ಚಿ, ದೇವರ ಮುಂದೆ ನಿಂತವನಂತೆ ಕತ್ತು ಬಗ್ಗಿಸಿದ. ಮಲ್ಲಾಜಮ್ಮ ಆ ಕತ್ತನ್ನೊಮ್ಮೆ ನೋಡಿದಳು.

"ಬುದ್ದಿ, ಇದ್ನ ಆನೆಗೆ ಹಾಕ್ಸಿ."

"ಏನಂದೆ?"

"ಆನೆಗೆ ಅಂದೆ. ಅದಾದ್ರೂ ಒಸಿ ಹೊತ್ತು ಮಕ್ಕಳ ತಾವ ನಿಂತಿತ್ತು. ಇವ್ರು ನಿಲ್ಲನೇ ಇಲ್ವಲ್ಲ!"

ಅಂಗಳದಲ್ಲಿ ಯಾವಳೋ ಕಿಸಕ್ಕನೆ ನಕ್ಕಳು. ನಗು ಹೆಂಗಸರನ್ನು ದಾಟಿ ಕುರ್ಚಿಗಳಿಗೂ ಹಬ್ಬಿತು. ಚಂದ್ರಕುಮಾರ ಬಗ್ಗಿಸಿದ ಕತ್ತನ್ನು ಎತ್ತುವುದೋ ಬೇಡವೋ ತಿಳಿಯದೆ ಹಾಗೇ ಇದ್ದ. ಮಲ್ಲಾಜಮ್ಮ ಹಾರವನ್ನು ತಟ್ಟೆಗೆ ಹಾಕಿ, ಭಾನುವನ್ನು ಕರೆದುಕೊಂಡು ಹೊರಟಳು. ಬೆನ್ನ ಹಿಂದೆ "ಎಲ್ರೂ ಕಾಫಿ ತಗೊಳ್ಳಿ, ಕಾಫಿ ತಗೊಳ್ಳಿ" ಎಂದು ಹೆಡ್‌ಮಾಸ್ಟರು ಕೂಗುತ್ತಿದ್ದರು.

ದಾರಿಯಲ್ಲಿ ಭಾನು ಕೇಳಿದಳು. "ಅವ್ವಾ, ನಾವು ಕೂಲಿಗೆ ಓಗದು ಶಿವರಂಜಿನಿ ಅಪ್ಪನ ಅರಿಸಿನದ ಹೊಲಕ್ಕೇ ಅಲ್ವಾ?"

"ಊಂ ಕಣಮ್ಮಿ."

"ಮತ್ತೆ?"

"ನಡಿ ಸುಮ್ನೆ" ಎಂದಳು ಮಲ್ಲಾಜಮ್ಮ.

ಸೋಮವಾರ ಬೆಳಿಗ್ಗೆ ಅವಳು ಕಳೆ ಕೀಳಲು ಹೊರಡುವುದೋ ಬಿಡುವುದೋ ಎಂದು ಯೋಚಿಸುತ್ತಿರುವಾಗ ಬಾಗಿಲಲ್ಲಿ ಸದ್ದಾಯಿತು. ಊರಿನ ಮಕ್ಕಳೆಲ್ಲ ಚೀಲ ಹೆಗಲಿಗೇರಿಸಿಕೊಂಡು ನಿಂತಿದ್ದವು. ಎಲ್ಲರ ಮುಂದೆ, ಎಣ್ಣೆ ಹಚ್ಚಿ ಬಿಗಿದ ಎರಡು ಜಡೆಯ ಶಿವರಂಜಿನಿ. ಪಾಠ ಒಪ್ಪಿಸುವವಳಂತೆ ಒಂದೇ ಉಸಿರಿಗೆ ಹೇಳಿದಳು.

"ನೀನು ಇನ್ಮೇಲೆ ನಮ್ಮ ಹೊಲಕ್ಕೆ ಕಾಲಿಡ್ಬಾರ್ದಂತೆ, ಅಪ್ಪ ಹೇಳ್ತು. ಇಸ್ಕೂಲಿಗೆ ಮಾತ್ರ ನಾನು ನಿನ್ನ ಕೈ ಇಡ್ಕಂಡೇ ಓಗ್ಬೇಕಂತೆ."

ಹೇಳಿ, ಕೈ ಚಾಚಿದಳು.