ಪಿಸ್ಟನ್ನಿನ ಮೇಲಿನ ಮಣ್ಣು

ಬಿಚ್ಚಿದ ಎಂಜಿನ್ನಿನೊಳಗೆ ಇಣುಕಿದ ಮೈದುನ, "ಅತ್ತಿಗೆ, ನೀವೇನಾದ್ರೂ ಇದರೊಳಗೆ ಕೈ ಹಾಕಿದ್ರಾ?" ಎಂದು ಕೇಳಿದ.

"ನಾನ್ಯಾಕೆ ಹಾಕ್ಲಿ? ಈಗ ತಾನೇ ಹೆಡ್ ಎತ್ತಿದವನು ನೀನು," ಎಂದಳು ಪಕ್ಕದಲ್ಲಿ ಸ್ಪ್ಯಾನರ್ ಒರೆಸುತ್ತಿದ್ದ ಅತ್ತಿಗೆ.

ಅದೂ ನಿಜವೇ. ಭಾನುವಾರ ಗುಡ್ಡ ಹತ್ತುವ ಪಂದ್ಯ. ಅತ್ತಿಗೆಯ ಮಗಳು ಓಡಿಸುವ ಎಟಿವಿ, ಅದೇ ಆ ನಾಲ್ಕು ದಪ್ಪ ಚಕ್ರದ ಬೈಕು, ಕಳೆದ ಸಲ ಕೊನೆಯ ಏರಿನಲ್ಲಿ ಏದುಸಿರು ಬಿಟ್ಟು ನಿಂತಿತ್ತು. ಈ ಸಲ ಶಕ್ತಿ ಸಾಲದು ಅನ್ನಿಸಬಾರದೆಂದು ಹುಡುಗಿ ಚಿಕ್ಕಪ್ಪನ ಪ್ರಾಣ ತಿಂದಿದ್ದಳು. ಅವನು ಎಂಜಿನ್ನಿನ ಮುಚ್ಚಳವಾದ ಹೆಡ್ಡನ್ನು ಲೇಥ್ ಯಂತ್ರಕ್ಕೆ ಕಟ್ಟಿ ಅದರ ಅಡಿಯನ್ನು ಒಂದಿಷ್ಟು ಕೆರೆದು, ಅದರಡಿಗೆ ಕೂರುವ ದಪ್ಪ ಗ್ಯಾಸ್ಕೆಟ್ ತಗಡನ್ನು ತೆಗೆದು ತೆಳ್ಳನೆಯದು ಹಾಕಿದ್ದ. ಒಳಗಿನ ಜಾಗ ಕಿರಿದಾದಷ್ಟೂ ಕಂಪ್ರೆಶನ್, ಅಂದರೆ ಒಳಗಿನ ಒತ್ತಡ, ಹೆಚ್ಚು, ಕಂಪ್ರೆಶನ್ ಹೆಚ್ಚಿದಷ್ಟೂ ಎಳೆತ ಹೆಚ್ಚು. ಆದರೆ ಅತಿಯಾಗಿ ಕೆರೆದರೆ ಪಿಸ್ಟನ್ ಹೋಗಿ ಹೆಡ್ಡಿನಲ್ಲಿರುವ ವಾಲ್ವಿಗೆ ಬಡಿಯುತ್ತದೆ. ಏರಿನ ನಡುವೆ ಎಂಜಿನ್ ಕಚ್ಚಿಕೊಂಡಿತೋ, ಗಾಡಿ ಹಿಂದಕ್ಕೆ ಮಗುಚಿ ಓಡಿಸುವವಳ ಮೇಲೆಯೇ ಬೀಳುತ್ತದೆ. ಅದಕ್ಕೇ ಈ ಪರೀಕ್ಷೆ: ಪಿಸ್ಟನ್ನಿನ ತಲೆಗೆ ಮಕ್ಕಳಾಡುವ ಹಸಿರು ಜೇಡಿಮಣ್ಣು ಮೆತ್ತಬೇಕು, ಹೆಡ್ ಕೂರಿಸಿ ಎಂಜಿನ್ನನ್ನು ಕೈಯಲ್ಲೇ ಎರಡು ಸುತ್ತು ತಿರುಗಿಸಬೇಕು, ಮತ್ತೆ ಬಿಚ್ಚಿ ಮಣ್ಣು ಎಷ್ಟು ದಪ್ಪ ಉಳಿದಿದೆಯೆಂದು ಅಳೆಯಬೇಕು.

ಮಣ್ಣಿನಲ್ಲಿ ವಾಲ್ವುಗಳ ಗುರುತು ಇತ್ತು, ಇರಲೇಬೇಕು. ಅವುಗಳ ನಡುವೆ ಒಂದು ಹೆಬ್ಬೆರಳಿನ ಗುರುತೂ ಇತ್ತು. ಬೆರಳಿನ ಗೆರೆಗಳನ್ನು ಎಣಿಸಬಹುದಿತ್ತು, ಗೆರೆಗಳನ್ನು ಕತ್ತರಿಸಿಕೊಂಡು ಅಡ್ಡಲಾಗಿ ಒಂದು ಹಳೆಯ ಗಾಯದ ಕಲೆ.

ಅತ್ತಿಗೆ ಬಗ್ಗಿ ನೋಡಿದಳು. ಕೈಯಲ್ಲಿದ್ದ ಬಟ್ಟೆ ಕೆಳಗೆ ಬಿತ್ತು. "ಗ್ರೈಂಡರಿಗೆ ಸಿಕ್ಕಿದ್ದ ಬೆರಳು. ನಿಮ್ಮಣ್ಣಂದು."

ಅಣ್ಣ ತೀರಿಕೊಂಡು ಹನ್ನೊಂದು ತಿಂಗಳಾಗಿತ್ತು.

"ನಿಮಗೆಲ್ಲೋ ಭ್ರಮೆ," ಎಂದು ಮೈದುನ ಗದರಿದ. ಅವಳ ಕಣ್ಣೆದುರೇ ಮಣ್ಣನ್ನು ತಟ್ಟಿ ಸಮ ಮಾಡಿದ, ಹೆಡ್ ಕೂರಿಸಿದ, ಎರಡು ಸುತ್ತು ತಿರುಗಿಸಿದ, ಬಿಚ್ಚಿದ. ಅದೇ ಜಾಗ, ಅದೇ ಬೆರಳು. ಅಳತೆ ಹಿಡಿದು ನೋಡಿದರೆ ಬೆರಳಿನ ಅಡಿಯ ಮಣ್ಣು ಕಾಗದದಷ್ಟು ತೆಳ್ಳಗಾಗಿತ್ತು. ಹೀಗೇ ಜೋಡಿಸಿ ಕೊಟ್ಟಿದ್ದರೆ ಹುಡುಗಿಯ ಗತಿ ಏನಾಗುತ್ತಿತ್ತು?

"ಬೇಡ ಅಂತಿದಾನೆ ಅತ್ತಿಗೆ, ಅಣ್ಣ ಬೇಡ ಅಂತಿದಾನೆ," ಎಂದ.

ಸ್ವಲ್ಪ ದಪ್ಪನೆಯ ಗ್ಯಾಸ್ಕೆಟ್ ಹಾಕಿ ಮತ್ತೆ ನೋಡಿದ. ಬೆರಳು ಮುಟ್ಟಿಯೂ ಮುಟ್ಟದಂತೆ, ಅರ್ಧ ಮಾತ್ರ ಮೂಡಿತ್ತು. ಮೊದಲಿದ್ದ ದಪ್ಪ ಗ್ಯಾಸ್ಕೆಟ್ಟನ್ನೇ ಹಾಕಿದ ಮೇಲೆ ಮಣ್ಣಿನಲ್ಲಿ ವಾಲ್ವುಗಳ ಗುರುತು ಬಿಟ್ಟರೆ ಏನೂ ಇರಲಿಲ್ಲ. ಮಣ್ಣೂ ಬೇಕಾದಷ್ಟು ದಪ್ಪ ಉಳಿದಿತ್ತು.

"ಇಷ್ಟು ಸಾಕು. ಹೆಡ್ ಕೆರೆದಿದ್ದಕ್ಕೇ ಮೊದಲಿಗಿಂತ ಜೋರಾಗಿ ಎಳೆಯುತ್ತೆ. ಅವಳಿಗೂ ಭಯ ಇಲ್ಲ," ಎಂದ. ಹೋದವನು ಹೋದಲ್ಲಿಂದಲೇ ಮಗಳನ್ನು ಕಾಯುತ್ತಿದ್ದಾನಲ್ಲ ಎಂದು ಅವನ ಕಣ್ಣು ತುಂಬಿ ಬಂತು.

ಅತ್ತಿಗೆ ಆ ನುಣುಪು ಮಣ್ಣನ್ನು ಸವರುತ್ತಲೇ ಇದ್ದಳು. "ಮತ್ತೆ ಆ ತೆಳೂದೇ ಹಾಕು."

"ಗಾಡಿ ಹತ್ತೋದು ನಿಮ್ಮ ಮಗಳು, ಅತ್ತಿಗೆ."

"ಗೊತ್ತು ಕಣೋ. ಹಾಕು."

ಅವಳ ಮುಖ ನೋಡಿ ಅವನಿಗೆ, ಮಣ್ಣು ನೋಡಿದಾಗಲೂ ಆಗದಷ್ಟು ಹೆದರಿಕೆಯಾಯಿತು. ತೆಳ್ಳನೆಯ ಗ್ಯಾಸ್ಕೆಟ್ಟನ್ನು ತಗಡಿನ ಕತ್ತರಿಯಲ್ಲಿ ಕತ್ತರಿಸಿ ಎರಡು ತುಂಡು ಮಾಡಿ ಬಿಸಾಕಿದ. ಅತ್ತಿಗೆ ಬೈಯಲಿಲ್ಲ, ಅಳಲೂ ಇಲ್ಲ. ಹೆಡ್ಡನ್ನು ಕೂಸಿನಂತೆ ಎದೆಗೆ ಅವಚಿಕೊಂಡು ಲೇಥಿನ ಕಡೆ ನಡೆದಳು.

"ಹೋಗ್ಲಿ ಬಿಡು, ಈ ಲೇಥು ಓಡ್ಸೋದು ಅವರೇ ನಂಗೆ ಕಲಿಸಿದ್ರು," ಎಂದಳು. "ಇಷ್ಟು ಕೆರೆದಿದ್ದಕ್ಕೆ ಬೆರಳು ಬಂತು. ಇನ್ನಷ್ಟು ಕೆರೆದ್ರೆ ಪೂರ್ತಿ ಕೈ ಬರುತ್ತೆ."