ಮಾವನವರ ಅಭಿಪ್ರಾಯ

ಗೇಟಿನ ಮುಂದೆ ಕಾರು ನಿಂತ ಸದ್ದಿಗೆ ಅಳಿಯ ಕಿಟಕಿಯತ್ತ ಓಡಿದ. ಬರದಿದ್ದರೆ ಸಾಕಪ್ಪಾ ಎಂದು ಬೆಳಗಿನಿಂದ ಮೊರೆಯಿಟ್ಟಿದ್ದ. ಲೇಖಕರು ಬಂದೇಬಿಟ್ಟಿದ್ದರು.

"ಮಾವ, ತಲೆನೋವು ಅಂತ ಹೇಳಿ ಕಳಿಸಿಬಿಡ್ಲಾ?"

"ಯಾರಿಗೆ ತಲೆನೋವು? ನನಗಾ, ನಿನಗಾ?" ಎಂದರು ಮಾವ, ಅಂಗಿಯ ಗುಂಡಿಯನ್ನು ತಡವಿ ಹಾಕಿಕೊಳ್ಳುತ್ತ. "ಹೋಗಿ ಬಾಗಿಲು ತೆಗಿ."

ಮಾವ ನಿವೃತ್ತ ಹೆಡ್ಮಾಸ್ತರು. ಕಣ್ಣು ಪೂರ್ತಿ ಹೋದ ಮೇಲೆ ಅವರಿಗೆ ಉಳಿದ ಸುಖ ಎರಡೇ. ಒಂದು, ಅಳಿಯ ಸಂಜೆ ಔಷಧಿ ಅಂಗಡಿಯಿಂದ ಬಂದು ಗಟ್ಟಿಯಾಗಿ ಓದುವ ಪುಸ್ತಕ. ಇನ್ನೊಂದು, ಆ ಪುಸ್ತಕದ ಮೇಲೆ ತಮ್ಮ ಅಭಿಪ್ರಾಯ. ಭಾನುವಾರ ಅದನ್ನು ಫೋನಿಗೆ ಹೇಳಿ ಓದುಗರ ಬಳಗಕ್ಕೆ ಕಳಿಸುತ್ತಿದ್ದರು. ಬಳಗದವರು ಅದಕ್ಕಾಗಿ ಕಾದಿರುತ್ತಿದ್ದರು. ನಾಯಕಿ ಮತ್ತೆ ಮತ್ತೆ ಮೂರ್ಛೆ ಹೋದ ಕಾದಂಬರಿಗೆ, "ಈಕೆಗೆ ಬೇಕಾದದ್ದು ಓದುಗರಲ್ಲ, ಡಾಕ್ಟರು" ಎಂದಿದ್ದರು. ಒಳ್ಳೆಯ ನಿದ್ರೆ ಪಡೆಯುವುದು ಹೇಗೆಂದು ಕಲಿಸುವ ಪುಸ್ತಕಕ್ಕೆ, "ಎರಡನೇ ಅಧ್ಯಾಯಕ್ಕೇ ಗುಣ ಕಂಡಿತು" ಎಂದು ಮುಗಿಸಿದ್ದರು.

ಆ ಅಭಿಪ್ರಾಯಗಳ ಬುಡಕ್ಕೇ ಹುಳ ಹತ್ತಿತ್ತು. ಹತ್ತಿಸಿದವನು ಅಳಿಯ. ದಿನವಿಡೀ ನಿಂತೇ ದುಡಿದು ಬಂದ ಒಂದು ಸಂಜೆ, ಕಾದಂಬರಿಯಲ್ಲಿ ಮದುವೆಯ ಮಾತುಕತೆ ಮುಗಿಯಲೇ ಇಲ್ಲ. ಹತ್ತಾರು ಪುಟ ಒಟ್ಟಿಗೇ ಹಾರಿಸಿದ. ಆ ಭಾನುವಾರ ಮಾವ ಫೋನಿಗೆ ಹೇಳಿದರು: "ನಡುವೆ ಕಥೆ ಯಾಕೋ ಓಡಿಬಿಡ್ತು. ತಪ್ಪು ಲೇಖಕಿಯದು ಅಂತ ನಾನು ಹೇಳಲ್ಲ." ಎಂಥ ದೊಡ್ಡ ಮನಸ್ಸು! ಅಳಿಯ ನಾಚಿಕೆಯಿಂದ ಹಿಡಿಯಷ್ಟಾದ. ಮುಂದಿನ ಪುಸ್ತಕದಲ್ಲೂ ಹಾರಿಸಿದ.

ಅವನು ಓದುವಾಗ ಮಾವ ತಲೆ ವಾಲಿಸಿ ಕೂರುತ್ತಿದ್ದರು. "ಹಾಳೆ ಮಗುಚೋ ಸದ್ದು ಕೇಳ್ತಿದ್ರೆ ನಾನೇ ಓದ್ತಿದ್ದೀನಿ ಅನ್ಸುತ್ತೆ ಕಣೋ" ಅನ್ನುವರು.

ಈಗ ಕಾರಿನಲ್ಲಿ ಬಂದ ಈ ಎಂಜಿನಿಯರ್ ಸಾಹೇಬರ ಆತ್ಮಕಥೆ ಕೈಗೆ ಬಂದಾಗ ತಾಳ್ಮೆ ಪೂರಾ ಕೈಕೊಟ್ಟಿತು. ಸೇತುವೆಯಾದ ಮೇಲೆ ಸೇತುವೆ, ಸನ್ಮಾನವಾದ ಮೇಲೆ ಸನ್ಮಾನ. ಪುಸ್ತಕವನ್ನು ಮಡಿಲಲ್ಲಿ ತೆರೆದಿಟ್ಟುಕೊಂಡೇ ಬಾಯಿಗೆ ಬಂದದ್ದನ್ನು ಹೇಳತೊಡಗಿದ. ಸಾಹೇಬರು ಓದುವ ವಯಸ್ಸಿನಲ್ಲಿ ಅಕ್ಕನ ಹೊಲಿಗೆ ಯಂತ್ರವನ್ನು ಕದ್ದು ಮಾರಿದರು. ದೊಡ್ಡವರಾದ ಮೇಲೆ ಅದೇ ಯಂತ್ರವನ್ನು ಗುಜರಿಯಲ್ಲಿ ಹುಡುಕಿ ತಂದು ಅವಳ ಮುಂದಿಟ್ಟರು. ಅಕ್ಕ ಒಂದು ಮಾತೂ ಆಡದೆ ಸೂಜಿಗೆ ದಾರ ಪೋಣಿಸಿದಳು. ಹೇಳುತ್ತ ಹೇಳುತ್ತ ಅವನಿಗೇ ಅದೆಲ್ಲ ನಿಜ ಅನ್ನಿಸಿತು.

ಭಾನುವಾರದ ಅಭಿಪ್ರಾಯ ಚಿಕ್ಕದಾಗಿತ್ತು: "ಈಚೆಗೆ ಈ ಕಿವಿಗೆ ಬಿದ್ದದ್ದರಲ್ಲಿ ನನ್ನನ್ನು ಅಲುಗಿಸಿದ್ದು ಒಂದೇ ಅಧ್ಯಾಯ. ಈ ಆತ್ಮಕಥೆ ಓದಿಸುವಾಗ ಕೇಳಿದ್ದು." ಯಾವ ಅಧ್ಯಾಯವೆಂದು ಹೇಳಿರಲಿಲ್ಲ, ಅಷ್ಟೇ ಅಳಿಯನ ಪುಣ್ಯ. ಆದರೆ ಅದನ್ನು ಕೇಳಿ ಉಬ್ಬಿಹೋದ ಲೇಖಕರು ಖುದ್ದಾಗಿ ಬರುತ್ತೇನೆಂದು ಹೇಳಿಕಳಿಸಿದ್ದರು.

ಈಗ ಮಾವ ಬಾಯಿ ಬಿಟ್ಟರೆ ಮುಗಿಯಿತು. ಕಣ್ಣಿಲ್ಲದ ಹೆಡ್ಮಾಸ್ತರು ಇಲ್ಲದ ಅಧ್ಯಾಯವನ್ನು ಹೊಗಳಿದರೆಂದು ಬಳಗವೆಲ್ಲ ನಗುತ್ತದೆ. ಅವರಿಗೆ ಉಳಿದಿದ್ದ ಒಂದು ಗೌರವವೂ ಮಣ್ಣುಪಾಲಾಗುತ್ತದೆ. ಅದೂ ಮನೆಯವನಿಂದಲೇ.

ಲೇಖಕರು ಕೂತವರೇ ಹೊಸ ಪ್ರತಿಯೊಂದನ್ನು ಮಾವನ ಕೈಗಿತ್ತರು. ಮೇಲಿನ ಪ್ಲಾಸ್ಟಿಕ್ ಇನ್ನೂ ಹರಿದಿರಲಿಲ್ಲ. "ತೂಕ ನೋಡಿ ಮೇಷ್ಟ್ರೇ! ಕಾಗದದ ವಿಷಯದಲ್ಲಿ ನಾವು ಹಿಂದೆಮುಂದೆ ನೋಡ್ಲೇ ಇಲ್ಲ."

ಅಳಿಯನ ಹೆಂಡತಿ ಟೀ ತಂದಿಟ್ಟು ಹೋದಳು. "ಕುಡೀರಿ ಮಾವ, ಆರಿಹೋಗುತ್ತೆ" ಎಂದು ಅಳಿಯ ಮಾತು ತೇಲಿಸಲು ನೋಡಿದ.

ಮಾವ ಲೋಟ ಮುಟ್ಟಲಿಲ್ಲ. "ಸಾರ್, ಆ ಹೊಲಿಗೆ ಯಂತ್ರ... ನಿಮ್ಮಕ್ಕ ಮಾತಾಡದೆ ಸೂಜಿಗೆ ದಾರ ಪೋಣಿಸಿದ್ರಲ್ಲ, ಅಲ್ಲಿ ನನಗೆ ಕಣ್ಣೀರು ಬಂತು."

ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿ ಅಳಿಯ ತಲೆ ತಗ್ಗಿಸಿದ.

ಲೇಖಕರ ಲೋಟ ತುಟಿಯ ಹತ್ತಿರವೇ ನಿಂತಿತು. ಒಮ್ಮೆ ಮಾವನನ್ನು, ಒಮ್ಮೆ ಅಳಿಯನನ್ನು ನೋಡಿದರು. ಆಮೇಲೆ ಲೋಟ ಕೆಳಗಿಟ್ಟು, ಕನ್ನಡಕ ತೆಗೆದು ಒರೆಸಿಕೊಂಡರು. "ಅದನ್ನ ಬರೆಯುವಾಗ ನನಗೂ ತಡೆಯೋಕಾಗ್ಲಿಲ್ಲ ಮೇಷ್ಟ್ರೇ. ಅಕ್ಕ ಅಂದ್ರೆ ಅಕ್ಕಾನೇ."

ಅಳಿಯನಿಗೆ ಹೋದ ಉಸಿರು ಬಂತು. ಎಂಥ ಮನುಷ್ಯ! ಕಣ್ಣಿಲ್ಲದ ಮುದುಕರ ಮಾನ ಉಳಿಸಲು ಮಾಡದ ಕಳ್ಳತನವನ್ನು ತಮ್ಮ ತಲೆಗೆ ಕಟ್ಟಿಕೊಂಡರಲ್ಲ! ಅವರ ಮುಂದೆ ತಾನೆಷ್ಟು ಸಣ್ಣವನೆಂದು ಅವನಿಗೆ ಅಳು ಬಂತು.

ಕಾರಿನ ತನಕ ಕಳಿಸಲು ಹೋದಾಗ ಕಾಲಿಗೆ ಬೀಳೋಣವೆಂದುಕೊಂಡ. ಅಷ್ಟರಲ್ಲಿ ಅವರೇ ಅವನ ಭುಜ ಹಿಡಿದರು. "ಆ ಅಕ್ಕನ ಭಾಗ ಎಷ್ಟನೇ ಪುಟದಲ್ಲಿದೆ? ಮುಂದಿನ ಸಮಾರಂಭದಲ್ಲಿ ಓದಿಸಬೇಕು."

ಕೆನ್ನೆಗೆ ಬಾರಿಸಿದ ಹಾಗಾಯಿತು. ಬೈಯದೇ ಬೈದಿದ್ದರು. ಅಷ್ಟು ಮಾಡುವ ಹಕ್ಕು ಅವರಿಗಿತ್ತು. "ತಪ್ಪಾಯ್ತು ಸಾರ್" ಅನ್ನುವಷ್ಟರಲ್ಲಿ ಕಾರಿನ ಬಾಗಿಲು ಮುಚ್ಚಿತ್ತು.

ಕಿಟಕಿಯ ಪಕ್ಕದ ಕುರ್ಚಿಯಲ್ಲೇ ಮಾವ ಕೂತಿದ್ದರು. ಅಳಿಯ ಬಂದು ಅವರ ಕಾಲ ಬಳಿ ಕುಸಿದ. "ಮಾವ, ಆ ಹೊಲಿಗೆ ಯಂತ್ರ ಪುಸ್ತಕದಲ್ಲೇ ಇಲ್ಲ. ನಾನು ಕಟ್ಟಿ ಹೇಳಿದ್ದು. ನಿಮ್ಮ ಮರ್ಯಾದೆ ಉಳಿಸೋಕೆ ಅಂತ ಪಾಪ ಅವರು..."

"ಇಲ್ಲ ಅಂತ ನನಗೆ ಗೊತ್ತು. ಅಷ್ಟೂ ಹೊತ್ತು ನೀನು ಒಂದು ಹಾಳೆ ಮಗುಚಲಿಲ್ಲ." ಮಾವ ಪ್ಲಾಸ್ಟಿಕ್ ಸುತ್ತಿದ ಪುಸ್ತಕವನ್ನು ಅವನ ಮಡಿಲಿಗೆ ಹಾಕಿದರು. "ನಿನಗೆ ನಾಚಿಕೆಯಾಗ್ಲಿ ಅಂತಾನೇ ಬರೆದವರ ಮುಂದೆ ಆ ಮಾತೆತ್ತಿದೆ. ನನಗೇನು ಗೊತ್ತಿತ್ತು, ಆ ಪುಣ್ಯಾತ್ಮರೂ ಇದನ್ನ ಓದಿಲ್ಲ ಅಂತ!"