ಸುಗಂಧಾ ಕಟ್ಟಿದ ಗಂಟು

“ಸುಗಂಧಾ ಕಟ್ಟಿದ್ ಗಂಟು, ನೀವೇ ಬಿಚ್ಚಿ ಮಹಾಂತೇಶ್,” ಎಂದರು ತೋಟ ನೋಡಿಕೊಳ್ಳುವ ಗೌರಮ್ಮ. ಅಮೆರಿಕದ ಪ್ಲೆಸೆಂಟನ್ನಿನ ಸಹಕಾರಿ ತೋಟದಲ್ಲಿ ಬಿಯರಿಗೆ ಹಾಕುವ ಹಾಪ್ಸ್ ಕೊಯ್ಲು ಮುಗಿಯುತ್ತ ಬಂದಿತ್ತು. ಮಹಾಂತೇಶನ ತೀರಿಕೊಂಡ ಹೆಂಡತಿ ಸುಗಂಧಾಳ ಸಾಲೊಂದೇ ಬಾಕಿ. ವಾರಕ್ಕೊಂದು ಬಳ್ಳಿಯಂತೆ, ತನ್ನ ಕೈ ಎಟಕುವಷ್ಟು ಎತ್ತರದಲ್ಲಿ, ಹಳೆಯ ಸೀರೆಯ ಚೂರಿನಿಂದ ಅವಳು ಅವನ್ನು ಹಗ್ಗಕ್ಕೆ ಕಟ್ಟಿದ್ದಳು.

ಮೊದಲ ಗಂಟು ಅವನ ತಲೆಗಿಂತ ಮೇಲಿತ್ತು. ಎರಡನೆಯದು ಹಣೆಯ ಮಟ್ಟದಲ್ಲಿ, ನಾಲ್ಕನೆಯದು ಎದೆಯ ಮಟ್ಟದಲ್ಲಿ ಸಿಕ್ಕಿತು. ಅವನ ಕೈ ನಿಂತಿತು.

“ಭುಜ ಸ್ವಲ್ಪ ಹಿಡಕೊಂಡೈತ್ರಿ,” ಎಂದಿದ್ದಳು ಒಮ್ಮೆ. ಆಫೀಸಿಗೆ ಹೊರಟಿದ್ದ ಅವನು, “ಕಂಪನಿ ಐಪಿಒ ಒಂದ್ ಮುಗೀಲಿ, ಡಾಕ್ಟರಿಗೆ ತೋರಿಸೂಣು,” ಎಂದಿದ್ದ.

ಕೊನೆಯ ಗಂಟಿಗೆ ಅವನು ಬಗ್ಗಬೇಕಾಯಿತು. ಅದು ಸೊಂಟದ ಮಟ್ಟದಲ್ಲಿತ್ತು. ಬಟ್ಟೆಯ ತುದಿಯಲ್ಲಿ ಹಲ್ಲಿನ ಗುರುತು. ಅವಳು ಅದನ್ನು ಕೂತುಕೊಂಡು, ಒಂದೇ ಕೈಯಲ್ಲಿ ಕಟ್ಟಿದ್ದಳು.